ಆಹಾರ ಕಂಪನಿಗಳ ಲಾಬಿ: ಅಮೆರಿಕದಲ್ಲಿ ಲೆಕ್ಕವಿದೆ, ದೆಹಲಿಯಲ್ಲಿಲ್ಲ

ರಾಯಚೂರು: ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗಕ್ಕೆ ನೀರು ತಲುಪಿಸಿ ಎಂದು ಮಾನ್ವಿಯ ರೈತರು ಕೇಳುವ ಬಗೆ ಈ ಜಿಲ್ಲೆಯಲ್ಲಿ ಎಲ್ಲರಿಗೂ ಪರಿಚಿತ. ತಹಶೀಲ್ದಾರ್ ಕಚೇರಿಯ ಮುಂದೆ ಘೋಷಣೆ, ಕೈಗೊಂದು ಮನವಿ ಪತ್ರ, ಅದರ ನಕಲಿನ ಮೇಲೆ ಸ್ವೀಕೃತಿ ಮುದ್ರೆ, ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಚಿತ್ರ. ಯಾರು, ಯಾರನ್ನು, ಏನು ಕೇಳಿದರು ಎಂಬುದು ಊರಿಗೆಲ್ಲ ತಿಳಿಯುತ್ತದೆ. ದೊಡ್ಡ ಆಹಾರ ಕಂಪನಿಯೊಂದು ಕೇಂದ್ರ ಸರ್ಕಾರದ ಮುಂದೆ ಇಡುವ ಬೇಡಿಕೆಗೆ ಇಂತಹ ಮುದ್ರೆಯಿಲ್ಲ, ಚಿತ್ರವೂ ಇಲ್ಲ.

ಆದರೆ ಅಂತಹ ಬೇಡಿಕೆಗಳ ಪರಿಣಾಮ ಮಾತ್ರ ದೆಹಲಿಯಲ್ಲೇ ಉಳಿಯುವುದಿಲ್ಲ. ದೇವದುರ್ಗದ ಸರ್ಕಾರಿ ಶಾಲೆಯ ಮಗು ಮಧ್ಯಾಹ್ನ ಏನನ್ನು ಉಣ್ಣಬೇಕು, ರಾಯಚೂರಿನ ಅಂಗಡಿಯಲ್ಲಿ ತೂಗಾಡುವ ಚಿಪ್ಸ್ ಪೊಟ್ಟಣದ ಮೇಲೆ ಉಪ್ಪಿನ ಪ್ರಮಾಣವನ್ನು ಎಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕು, ಮಾನ್ವಿಯ ಭತ್ತದಿಂದಾದ ಅಕ್ಕಿ ಹಡಗು ಹತ್ತಬಹುದೇ ಇಲ್ಲವೇ ಎಂಬ ತೀರ್ಮಾನಗಳ ಬಹುಪಾಲು ಕೇಂದ್ರದ ಸಚಿವಾಲಯಗಳಲ್ಲೇ ಆಗುತ್ತವೆ. ಆ ತೀರ್ಮಾನಕ್ಕೆ ಮುನ್ನ ಸಚಿವರನ್ನು, ಕಾರ್ಯದರ್ಶಿಗಳನ್ನು ಕಂಡವರು ಯಾರು, ಅದಕ್ಕಾಗಿ ಕಂಪನಿಗಳು ವೆಚ್ಚ ಮಾಡಿದ್ದೆಷ್ಟು ಎಂಬ ಪ್ರಶ್ನೆಗೆ ಭಾರತದಲ್ಲಿ ಉತ್ತರ ಹುಡುಕಲು ಒಂದು ನಿಗದಿತ ಕಡತವೇ ಇಲ್ಲ. ಅಮೆರಿಕದಲ್ಲಿ ಇದೆ. ವಿಚಿತ್ರವೆಂದರೆ, ಭಾರತಕ್ಕೆ ಸಂಬಂಧಿಸಿದ ಇಂತಹ ವೆಚ್ಚವೊಂದು ನಮ್ಮ ಸಂಸತ್ತಿಗೆ ತಿಳಿದದ್ದೂ ಅಮೆರಿಕದ ಆ ಕಡತದಿಂದಲೇ.

ಮೂರು ತಿಂಗಳಿಗೊಂದು ವರದಿ

ಶಾಸನಸಭೆಯ ಮೊಗಸಾಲೆಯಲ್ಲಿ ನಿಂತು ಸದಸ್ಯರನ್ನು ಕಂಡು ತಮ್ಮ ಪರ ಮಾತನಾಡಿಸಿಕೊಳ್ಳುವ ಕೆಲಸಕ್ಕೆ ಲಾಬಿ ಎಂಬ ಹೆಸರು ಬಂದಿತು. ಅಮೆರಿಕದಲ್ಲಿ ಇದು ಕಾನೂನುಬದ್ಧ ವೃತ್ತಿ. 1995ರ ಲಾಬಿ ಬಹಿರಂಗಪಡಿಸುವಿಕೆ ಕಾಯ್ದೆಯ ಪ್ರಕಾರ, ಒಕ್ಕೂಟ ಸರ್ಕಾರದ ಮೇಲೆ ಪ್ರಭಾವ ಬೀರಲು ಹಣ ಪಡೆದು ಕೆಲಸ ಮಾಡುವವರು ಹೆಸರು ನೋಂದಾಯಿಸಬೇಕು. ಮೊದಲು ಆರು ತಿಂಗಳಿಗೊಮ್ಮೆ ಸಲ್ಲಿಸಬೇಕಿದ್ದ ವರದಿಯನ್ನು 2007ರ ತಿದ್ದುಪಡಿಯು ಮೂರು ತಿಂಗಳಿಗೊಮ್ಮೆ ಎಂದು ಬಿಗಿಗೊಳಿಸಿತು. ತ್ರೈಮಾಸಿಕ ಮುಗಿದ 20 ದಿನಗಳೊಳಗೆ ವರದಿಯು ಸೆನೆಟ್ ಮತ್ತು ಜನಪ್ರತಿನಿಧಿ ಸಭೆಯ ಕಚೇರಿಗಳನ್ನು ತಲುಪಬೇಕು. ತಪ್ಪಿದರೆ 2 ಲಕ್ಷ ಡಾಲರ್‌ವರೆಗೆ ದಂಡ ವಿಧಿಸಲು ಅವಕಾಶವಿದೆ.

ಆ ವರದಿಯಲ್ಲಿ ಕಂಪನಿಯ ಹೆಸರು, ಆ ಮೂರು ತಿಂಗಳ ವೆಚ್ಚ, ಯಾವ ಮಸೂದೆ ಅಥವಾ ಯಾವ ವಿಷಯ, ಸಂಪರ್ಕಿಸಿದ್ದು ಸೆನೆಟನ್ನೋ ಕೃಷಿ ಇಲಾಖೆಯನ್ನೋ, ಕೆಲಸ ಮಾಡಿದವರ ಹೆಸರುಗಳೇನು ಎಂಬುದೆಲ್ಲ ಇರುತ್ತದೆ. ಯಾವ ಸೆನೆಟರ್ ಜೊತೆ ಯಾವ ದಿನ ಏನು ಮಾತಾಯಿತು ಎಂಬುದು ಇರುವುದಿಲ್ಲ. ವಿಷಯವಾರು ಹಣದ ವಿಂಗಡಣೆಯೂ ಇರುವುದಿಲ್ಲ. ಜನಾಭಿಪ್ರಾಯ ರೂಪಿಸಲು ಕೊಡುವ ಜಾಹೀರಾತಿನ ವೆಚ್ಚ ಈ ಲೆಕ್ಕದಿಂದ ಹೊರಗೆ. ದುಡಿಮೆಯ ಸಮಯದ ಐದನೇ ಒಂದು ಭಾಗಕ್ಕಿಂತ ಕಡಿಮೆಯನ್ನು ಲಾಬಿಗೆ ವಿನಿಯೋಗಿಸುವವರು ನೋಂದಣಿಯಿಂದ ನುಣುಚಿಕೊಳ್ಳಬಹುದು. ಹೀಗೆ ತೂತುಗಳು ಸಾಕಷ್ಟಿದ್ದರೂ, ಗಣಕಯಂತ್ರದ ಮುಂದೆ ಕುಳಿತ ಯಾವ ನಾಗರಿಕನಾದರೂ ಕಂಪನಿಯ ಹೆಸರು ಕೊಟ್ಟು ವರದಿಯನ್ನು ತೆರೆದು ನೋಡಬಹುದು.

ಇಂತಹ ಅಂಕಿಗಳನ್ನು ಸಾಲಾಗಿಟ್ಟು ನೋಡಿದಾಗ ಒಂದು ಉದ್ಯಮಕ್ಕೆ ಭಯ ಹುಟ್ಟಿದ ವರ್ಷವೂ ಕಾಣಿಸುತ್ತದೆ. ಅಮೆರಿಕದ ತಂಪು ಪಾನೀಯ ತಯಾರಕರ ಸಂಘವು 2008ರಲ್ಲಿ ಲಾಬಿಗೆ ವೆಚ್ಚ ಮಾಡಿದ್ದು 10 ಲಕ್ಷ ಡಾಲರ್‌ಗಿಂತ ಕಡಿಮೆ. ಆರೋಗ್ಯ ಸುಧಾರಣೆಗೆ ಹಣ ಹೊಂದಿಸಲು ಸಕ್ಕರೆ ಪಾನೀಯಗಳ ಮೇಲೆ ತೆರಿಗೆ ಹಾಕಬೇಕೆಂಬ ಮಾತು ವಾಷಿಂಗ್ಟನ್‌ನಲ್ಲಿ ಕೇಳಿಬಂದ 2009ರಲ್ಲಿ ಅದು 1.8 ಕೋಟಿ ಡಾಲರ್ ಮೀರಿತು. ತೆರಿಗೆ ಬರಲಿಲ್ಲ.

ಪಿಜ್ಜಾದ ಟೊಮೆಟೊ ಲೆಕ್ಕ

ಶಾಲಾ ಊಟಕ್ಕೆ ಸಂಬಂಧಿಸಿದ ಪ್ರಕರಣವೊಂದು ನಮಗೆ ಹೆಚ್ಚು ಹತ್ತಿರದ್ದು. ಅಮೆರಿಕದ ಶಾಲೆಗಳಲ್ಲಿಯೂ ಸರ್ಕಾರದ ನೆರವಿನ ಮಧ್ಯಾಹ್ನದ ಊಟವಿದೆ. ತಟ್ಟೆಯಲ್ಲಿ ಎಷ್ಟು ತರಕಾರಿ ಇರಬೇಕೆಂಬ ನಿಯಮವೂ ಇದೆ. ಪಿಜ್ಜಾಕ್ಕೆ ಸವರುವ ಎರಡು ಚಮಚದಷ್ಟು ಗಟ್ಟಿ ಟೊಮೆಟೊ ಹಿಂಡಿಯನ್ನು ಅರ್ಧ ಬಟ್ಟಲು ತರಕಾರಿ ಎಂದು ಲೆಕ್ಕ ಹಿಡಿಯುವ ಪದ್ಧತಿ ಅಲ್ಲಿತ್ತು. ಅದನ್ನು ಕೈಬಿಡಬೇಕು, ಆಲೂಗಡ್ಡೆಗೂ ವಾರಕ್ಕೊಂದು ಮಿತಿ ಇರಬೇಕು ಎಂದು ಅಲ್ಲಿನ ಕೃಷಿ ಇಲಾಖೆ 2011ರ ಜನವರಿಯಲ್ಲಿ ಪ್ರಸ್ತಾಪಿಸಿತು. ಶಾಲೆಗಳಿಗೆ ಶೈತ್ಯೀಕರಿಸಿದ ಪಿಜ್ಜಾ ಪೂರೈಸುತ್ತಿದ್ದ ಮಿನ್ನೆಸೋಟ ರಾಜ್ಯದ ಶ್ವಾನ್ ಸೇರಿದಂತೆ ಆಹಾರ ಕಂಪನಿಗಳು ವಿರೋಧಕ್ಕಿಳಿದವು. ಈ ನಿಯಮಗಳ ವಿರುದ್ಧದ ಲಾಬಿಗೆ 56 ಲಕ್ಷ ಡಾಲರ್‌ಗೂ ಹೆಚ್ಚು ವೆಚ್ಚವಾಗಿದೆ ಎಂದು ‘ನ್ಯೂಯಾರ್ಕ್ ಟೈಮ್ಸ್’ ಆ ವರ್ಷದ ನವೆಂಬರ್‌ನಲ್ಲಿ ವರದಿ ಮಾಡಿತು. ಅದೇ ತಿಂಗಳು ಅಮೆರಿಕದ ಸಂಸತ್ತು ಧನವಿನಿಯೋಗ ಮಸೂದೆಯಲ್ಲೇ ಒಂದು ಷರತ್ತು ಸೇರಿಸಿ ಎರಡೂ ಪ್ರಸ್ತಾಪಗಳನ್ನು ತಡೆಯಿತು. ಪಿಜ್ಜಾ ತರಕಾರಿಯಾಯಿತು ಎಂದು ಅಲ್ಲಿಯ ಜನ ನಕ್ಕರು. ನಗುವುದಕ್ಕಾದರೂ ಅವರ ಕೈಯಲ್ಲಿ ಒಂದು ಅಂಕಿ ಇತ್ತು.

ಬಿಸಿಯೂಟಕ್ಕೆ ಬದಲಾಗಿ ಬಿಸ್ಕತ್ತು

ಭಾರತದಲ್ಲಿ ಇದಕ್ಕೆ ಸಮೀಪದ ಘಟನೆ ನಡೆದದ್ದು ಅದಕ್ಕೂ ಮೊದಲು, 2007ರ ಸುಮಾರಿಗೆ. ಅದನ್ನು ಅರಿಯಬೇಕಾದರೆ ಬಿಸಿಯೂಟದ ಹಿನ್ನೆಲೆ ತುಸು ಗೊತ್ತಿರಬೇಕು. 1995ರಲ್ಲಿ ಕೇಂದ್ರ ಸರ್ಕಾರ ಶಾಲಾ ಮಕ್ಕಳ ಆಹಾರ ಯೋಜನೆಯನ್ನು ಆರಂಭಿಸಿದಾಗ ಕರ್ನಾಟಕ ಸೇರಿ ಬಹುತೇಕ ರಾಜ್ಯಗಳು ಮಕ್ಕಳ ಕೈಗೆ ಕೊಟ್ಟದ್ದು ತಿಂಗಳಿಗೆ ಮೂರು ಕಿಲೋ ಧಾನ್ಯ. ಅದು ಮನೆಗೆ ಹೋಗಿ ಮನೆಮಂದಿಯಲ್ಲಿ ಹಂಚಿಹೋಗುತ್ತಿತ್ತು. ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ ಮೊದಲು ಒಲೆ ಹೊತ್ತಿಸಿದ್ದು 2002ರ ಜೂನ್‌ನಲ್ಲಿ, ಈಶಾನ್ಯದ ಏಳು ಜಿಲ್ಲೆಗಳಲ್ಲಿ. ರಾಯಚೂರು ಅವುಗಳಲ್ಲೊಂದು. ಅದೇ ವರ್ಷ ಸಲ್ಲಿಕೆಯಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯು ಗುರುತಿಸಿದ 39 ಅತಿ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ದೇವದುರ್ಗ ಮತ್ತು ಮಾನ್ವಿ ಎರಡೂ ಇದ್ದವು. ಬೇರೆಡೆ ಬಿಸಿಯೂಟವು ಮನೆಯೂಟಕ್ಕೆ ಪೂರಕವಾಗಿದ್ದರೆ, ದುಡಿಮೆ ಅರಸಿ ಕುಟುಂಬಗಳೇ ಗುಳೆ ಹೋಗುವ ಈ ತಾಲ್ಲೂಕುಗಳಲ್ಲಿ ಎಷ್ಟೋ ಮಕ್ಕಳಿಗೆ ಅದು ದಿನದ ಗಟ್ಟಿ ಊಟವೇ ಆಗಿದೆ.

ಬಿಸಿಯೂಟ ದೇಶದಾದ್ಯಂತ ಸುಮಾರು 12 ಕೋಟಿ ಮಕ್ಕಳನ್ನು ತಲುಪುವ ಹೊತ್ತಿಗೆ ಬಿಸ್ಕತ್ತು ತಯಾರಕರ ಸಂಘ ಅದರತ್ತ ಕಣ್ಣು ಹಾಯಿಸಿತು. ಬೇಯಿಸಿದ ಊಟದ ಬದಲು ಪೊಟ್ಟಣದ ಬಿಸ್ಕತ್ತು ಕೊಡುವುದು ಪೌಷ್ಟಿಕತೆಯ ದೃಷ್ಟಿಯಿಂದ ಮೇಲು ಎಂದು ವಾದಿಸಿ ಅದು ಸಂಸದರಿಗೆಲ್ಲ ಪತ್ರ ಬರೆಯಿತು. 12 ಕೋಟಿ ಮಕ್ಕಳು, ವರ್ಷಕ್ಕೆ ಕನಿಷ್ಠ 200 ದಿನ, ಹಣ ಕೊಡುವುದು ಸರ್ಕಾರ! ಯಾವ ಉದ್ಯಮಕ್ಕಾದರೂ ಇದಕ್ಕಿಂತ ನಿಶ್ಚಿತವಾದ ಗಿರಾಕಿ ಸಿಗಲಾರ.

ಪತ್ರ ತಲುಪಿದ ಮೇಲೆ ನಡೆದದ್ದನ್ನು ಅರ್ಥಶಾಸ್ತ್ರಜ್ಞರಾದ ಜೀನ್ ಡ್ರೆಜ್ ಮತ್ತು ಅಮರ್ತ್ಯ ಸೇನ್ 2013ರ ತಮ್ಮ ಕೃತಿಯಲ್ಲಿ ದಾಖಲಿಸಿದ್ದಾರೆ. 29 ಸಂಸದರು ಸಂಘದ ವಾದವನ್ನೇ ಪುನರುಚ್ಚರಿಸಿ ಆಗಿನ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವ ಅರ್ಜುನ್ ಸಿಂಗ್ ಅವರಿಗೆ ಬರೆದರು. ಮಕ್ಕಳ ಶಾಲೆಗೆ ಹೋಗಿ ತಟ್ಟೆಯಲ್ಲಿ ಏನಿದೆ ಎಂದು ನೋಡಿ ಬರೆದ ಪತ್ರಗಳಲ್ಲ ಅವು. ಸಚಿವಾಲಯವು ರಾಜ್ಯ ಸರ್ಕಾರಗಳ ಅಭಿಪ್ರಾಯ ಕೇಳಿತು. ಬಿಸಿಯೂಟವೇ ಇರಲಿ ಎಂಬ ಉತ್ತರ ಬಂದಿತು, ಪ್ರಸ್ತಾಪ ಬಿದ್ದುಹೋಯಿತು. ಅಂಗನವಾಡಿಗಳಲ್ಲಿಯೂ ಪೊಟ್ಟಣದ ಆಹಾರ ಬರಬೇಕೆಂಬ ಒತ್ತಡ ಅದೇ ಕಾಲದಲ್ಲಿತ್ತು. 2009ರ ಫೆಬ್ರವರಿಯಲ್ಲಿ ಹೊರಬಿದ್ದ ಪರಿಷ್ಕೃತ ಮಾನದಂಡಗಳು ಮೂರರಿಂದ ಆರು ವರ್ಷದ ಮಕ್ಕಳಿಗೆ ಬಿಸಿ ಊಟವನ್ನೇ ನಿಗದಿಪಡಿಸಿದ ಮೇಲೆ ಆ ವಿವಾದ ತಣ್ಣಗಾಯಿತು. ಅಂಗನವಾಡಿ ಆಹಾರ ಪೂರೈಕೆಗೆ ಗುತ್ತಿಗೆದಾರರನ್ನು ಬಳಸಕೂಡದೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು.

ಬಿಸ್ಕತ್ತು ಬಂದಿದ್ದರೆ ರಾಯಚೂರು ಜಿಲ್ಲೆಯಲ್ಲಿ ಆಗುತ್ತಿದ್ದುದೇನು ಎಂದು ಊಹಿಸುವುದು ಕಷ್ಟವಲ್ಲ. ಶಾಲೆಯ ಅಡುಗೆಕೋಣೆಗೆ ಬೀಗ ಬೀಳುತ್ತಿತ್ತು. ಅಲ್ಪ ಗೌರವಧನಕ್ಕೆ ದುಡಿಯುವ ಅಡುಗೆಯ ಮಹಿಳೆಯರು ಮನೆ ಸೇರುತ್ತಿದ್ದರು. ಬೇಳೆ, ತರಕಾರಿಗೆಂದು ಊರಿನಲ್ಲೇ ಕೈಬದಲಾಗುವ ಹಣ ದೂರದ ಕಾರ್ಖಾನೆಯನ್ನು ಸೇರುತ್ತಿತ್ತು. ಪ್ರಾಥಮಿಕ ಶಾಲೆಯ ಊಟಕ್ಕೆ 2006ರಲ್ಲಿ ನಿಗದಿಯಾದ ಪ್ರಮಾಣ 450 ಕ್ಯಾಲರಿ ಮತ್ತು 12 ಗ್ರಾಂ ಪ್ರೊಟೀನ್. ಬಿಸ್ಕತ್ತಿನಿಂದ ಕ್ಯಾಲರಿ ಹೊಂದಿಸುವುದು ಸುಲಭ. ಬೇಳೆ, ಸೊಪ್ಪು, ಮೊಟ್ಟೆಯಿಂದ ಸಿಗುವುದನ್ನು ಮೈದಾ ಮತ್ತು ಸಕ್ಕರೆಯಿಂದ ಪಡೆಯಲಾಗದು.

ಇಷ್ಟೆಲ್ಲ ತಿಳಿದಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಈ ಪ್ರಯತ್ನಕ್ಕೆ ಉದ್ಯಮವು ವೆಚ್ಚ ಮಾಡಿದ ಹಣವೆಷ್ಟು? ಪತ್ರಗಳ ಆಚೆಗೆ ಭೇಟಿಗಳೆಷ್ಟು ನಡೆದವು? ಇದನ್ನು ಎಲ್ಲಿಯೂ ಬರೆದಿಡಬೇಕೆಂದು ಆಗ ಯಾವ ಕಾನೂನೂ ಹೇಳುತ್ತಿರಲಿಲ್ಲ.

ವಾಲ್‌ಮಾರ್ಟ್ ಲೆಕ್ಕ ಬಂದದ್ದೆಲ್ಲಿಂದ?

2012ರ ಡಿಸೆಂಬರ್‌ನಲ್ಲಿ ಈ ಕೊರತೆ ಸಂಸತ್ತಿನಲ್ಲೇ ಎದ್ದು ಕಾಣಿಸಿತು. ಬಹು ಬ್ರ್ಯಾಂಡ್ ಚಿಲ್ಲರೆ ವ್ಯಾಪಾರದಲ್ಲಿ ವಿದೇಶಿ ನೇರ ಹೂಡಿಕೆಗೆ ಅವಕಾಶ ಕೊಟ್ಟ ನಿರ್ಧಾರವನ್ನು ವಿರೋಧ ಪಕ್ಷಗಳು ಪ್ರಶ್ನಿಸಿ, ಡಿಸೆಂಬರ್ 5ರಂದು ಲೋಕಸಭೆಯಲ್ಲಿಯೂ 7ರಂದು ರಾಜ್ಯಸಭೆಯಲ್ಲಿಯೂ ಮತಕ್ಕೆ ಹಾಕಿ ಸೋತಿದ್ದವು. ಅದರ ಬೆನ್ನಿಗೇ ಅಮೆರಿಕದ ಸೆನೆಟ್‌ಗೆ ವಾಲ್‌ಮಾರ್ಟ್ ಸಲ್ಲಿಸಿದ್ದ ವರದಿಗಳ ಸುದ್ದಿ ಬಂದಿತು. ಆ ದೇಶದಲ್ಲಿ ದಿನಸಿ ಮಾರುವುದರಲ್ಲಿ ಈ ಕಂಪನಿಯೇ ಎಲ್ಲರಿಗಿಂತ ದೊಡ್ಡದು. 2008ರಿಂದ ಅದು ಲಾಬಿಗೆ ಸುಮಾರು 2.5 ಕೋಟಿ ಡಾಲರ್, ಅಂದಿನ ದರದಲ್ಲಿ ಸುಮಾರು 125 ಕೋಟಿ ರೂಪಾಯಿ ವ್ಯಯಿಸಿತ್ತು. 2012ರ ಸೆಪ್ಟೆಂಬರ್‌ಗೆ ಕೊನೆಗೊಂಡ ಮೂರು ತಿಂಗಳಲ್ಲೇ 16.5 ಲಕ್ಷ ಡಾಲರ್. ವರದಿಯಲ್ಲಿ ನಮೂದಿಸಿದ್ದ ವಿಷಯಗಳಲ್ಲಿ ಭಾರತದ ಮಾರುಕಟ್ಟೆಯಲ್ಲಿ ಹೂಡಿಕೆಗೆ ಹೆಚ್ಚಿನ ಅವಕಾಶ ಎಂಬುದೂ ಒಂದು.

ಸದನದ ಗದ್ದಲದಲ್ಲಿ ಎರಡು ಸಂಗತಿಗಳು ಮರೆಯಾದವು. ಮೊದಲನೆಯದು, 2.5 ಕೋಟಿ ಡಾಲರ್ ಎಂಬುದು ಎಲ್ಲ ವಿಷಯಗಳಿಗೂ ಸೇರಿದ ಮೊತ್ತ. ತೆರಿಗೆ, ಕಾರ್ಮಿಕ, ವ್ಯಾಪಾರ ಎಂದು ಹತ್ತಾರು ವಿಷಯಗಳ ನಡುವೆ ಭಾರತ ಒಂದು ಸಾಲು ಮಾತ್ರ. ಆ ಸಾಲಿಗೆ ಸಂದ ಪಾಲೆಷ್ಟೆಂದು ವರದಿ ಹೇಳುವುದಿಲ್ಲ. ಇಡೀ ಮೊತ್ತವನ್ನು ಭಾರತದ ಲೆಕ್ಕಕ್ಕೆ ಬರೆದ ಭಾಷಣಗಳು ಸರಿಯಾಗಿರಲಿಲ್ಲ. ಎರಡನೆಯದು, ಇದು ಅಮೆರಿಕದ ಜನಪ್ರತಿನಿಧಿಗಳನ್ನು ಮತ್ತು ಅಧಿಕಾರಿಗಳನ್ನು ಒಲಿಸಲು ಅಮೆರಿಕದಲ್ಲಾದ ವೆಚ್ಚ. ಭಾರತದಲ್ಲಿ ಹಣ ಕೊಟ್ಟಿಲ್ಲ ಎಂದೇ ಕಂಪನಿ ಹೇಳಿತು. ನಿಜಾಂಶ ತಿಳಿಯಲು ಸರ್ಕಾರ 2013ರ ಜನವರಿಯಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ಏಕಸದಸ್ಯ ಸಮಿತಿ ನೇಮಿಸಿತು. ಭಾರತದೊಳಗೆ ಕಂಪನಿ ಲಾಬಿ ನಡೆಸಿತೆಂಬುದಕ್ಕೆ ತನ್ನ ಮುಂದಿದ್ದ ದಾಖಲೆಗಳಲ್ಲಿ ಸಮಿತಿಗೆ ಪುರಾವೆ ಕಾಣಲಿಲ್ಲ. ಇಲ್ಲಿ ದಾಖಲೆ ಇಡುವ ಕಟ್ಟುಪಾಡೇ ಇಲ್ಲದಿರುವಾಗ ಬೇರೆ ಬಗೆಯ ಉತ್ತರ ಬರುವ ಸಂಭವವೂ ಹೆಚ್ಚಿರಲಿಲ್ಲ.

ಆ ಗದ್ದಲದ ಒಂದು ಫಲವೆಂದರೆ ಒಡಿಶಾದ ಬಿಜು ಜನತಾ ದಳದ ಸಂಸದ ಕಾಳಿಕೇಶ್ ನಾರಾಯಣ ಸಿಂಗ್ ದೇವ್ ಅವರು 2013ರಲ್ಲಿ ಮಂಡಿಸಿದ ಖಾಸಗಿ ಮಸೂದೆ. ಲಾಬಿ ಮಾಡುವವರ ನೋಂದಣಿ, ವೆಚ್ಚದ ಬಹಿರಂಗ ಅದರ ಉದ್ದೇಶವಾಗಿತ್ತು. 2014ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು.

ಇಲ್ಲಿಯ ಲೆಕ್ಕ ಅಡಗಿರುವುದೆಲ್ಲಿ

ಭಾರತದಲ್ಲಿ ಲಾಬಿ ಅಪರಾಧವಲ್ಲ, ಮಾನ್ಯತೆ ಪಡೆದ ವೃತ್ತಿಯೂ ಅಲ್ಲ. ಲಂಚಕ್ಕೆ ಭ್ರಷ್ಟಾಚಾರ ತಡೆ ಕಾಯ್ದೆ ಇದೆ. ರಾಜಕೀಯ ಪಕ್ಷಗಳಿಗೆ ಕೊಡುವ ದೇಣಿಗೆಯ ಬಗ್ಗೆ ಕಂಪನಿ ಕಾಯ್ದೆಯಲ್ಲಿ ನಿಯಮವಿದೆ. ಚುನಾವಣಾ ಬಾಂಡ್‌ಗಳ ಮೂಲಕ ಆ ದೇಣಿಗೆಗೂ ಮುಸುಕು ಹಾಕಿದ್ದ ವ್ಯವಸ್ಥೆಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ರದ್ದುಗೊಳಿಸಿತು. ಇವೆರಡರ ನಡುವಿನ ಬಯಲಿನಲ್ಲಿ ನಿಂತಿರುವುದು ಲಾಬಿ. ಅದಕ್ಕಾದ ವೆಚ್ಚ ಕಂಪನಿಯ ವಾರ್ಷಿಕ ಲೆಕ್ಕಪತ್ರದಲ್ಲಿ ‘ಕಾನೂನು ಮತ್ತು ವೃತ್ತಿಪರ ಶುಲ್ಕ’ ಎಂಬಂತಹ ಒಂದು ಸಾಲಿನಲ್ಲಿ, ವಕೀಲರ ಮತ್ತು ಸಲಹೆಗಾರರ ಶುಲ್ಕದ ಜೊತೆ ಕಲಸಿಹೋಗಿರಬಹುದು; ಉದ್ಯಮ ಸಂಘದ ಸದಸ್ಯತ್ವ ಶುಲ್ಕದಲ್ಲಿಯೂ ಇರಬಹುದು.

ಕಂಪನಿಗಳು ಹೊರಗಿನಿಂದ ಒತ್ತಡ ಹಾಕುವ ಅಗತ್ಯವೇ ಬೀಳದೆ, ನಿಯಮ ರೂಪಿಸುವವರ ಮೇಜಿನ ಸುತ್ತಲೇ ಕುಳಿತ ಪ್ರಸಂಗವೂ ಇದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ವೈಜ್ಞಾನಿಕ ಸಮಿತಿಗಳಲ್ಲಿ ಸ್ವತಂತ್ರ ತಜ್ಞರೇ ಇರಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಆದರೆ ಮೊದಲು ರಚನೆಯಾದ ಸಮಿತಿಗಳಲ್ಲಿ ತಂಪು ಪಾನೀಯ ಹಾಗೂ ಪೊಟ್ಟಣ ಆಹಾರ ಕಂಪನಿಗಳ ಪ್ರತಿನಿಧಿಗಳಿದ್ದರು. 2011ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆಯೇ ಅವುಗಳ ಪುನರ್‌ರಚನೆಯ ಮಾತು ಬಂದದ್ದು.

ಪೊಟ್ಟಣದ ಮುಂಭಾಗದ ಎಚ್ಚರಿಕೆಯ ಪ್ರಶ್ನೆ ಇದರ ಮುಂದುವರಿಕೆ. ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿದೆ ಎಂದು ಚಿಲಿ ದೇಶದಲ್ಲಿ 2016ರಿಂದ ಕಪ್ಪು ಚೌಕಟ್ಟಿನಲ್ಲಿ ನೇರವಾಗಿ ಬರೆಯಲಾಗುತ್ತಿದೆ. ನಮ್ಮ ಪ್ರಾಧಿಕಾರ 2022ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಕರಡು ಆರಿಸಿಕೊಂಡದ್ದು ಅರ್ಧದಿಂದ ಐದರವರೆಗಿನ ನಕ್ಷತ್ರಗಳನ್ನು. ಚಿಪ್ಸ್ ಪೊಟ್ಟಣಕ್ಕೂ ಒಂದೆರಡು ನಕ್ಷತ್ರ ಸಿಕ್ಕರೆ ಅದು ಎಚ್ಚರಿಕೆಯಾಗುವುದೋ ಶಿಫಾರಸಾಗುವುದೋ ಎಂದು ಗ್ರಾಹಕ ಸಂಘಟನೆಗಳು ಕೇಳಿದವು. ಕರಡಿಗೆ ಸುಮಾರು 14 ಸಾವಿರ ಅಭಿಪ್ರಾಯಗಳು ಬಂದವು. ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಮೂರು ತಿಂಗಳ ಗಡುವು ಕೊಡುವವರೆಗೂ ವಿಷಯ ಇತ್ಯರ್ಥವಾಗಿರಲಿಲ್ಲ. ಮಸೂದೆ ಮತ್ತು ನಿಯಮಗಳ ಕರಡನ್ನು ಜನರ ಮುಂದಿಟ್ಟು ಅಭಿಪ್ರಾಯ ಕೇಳಬೇಕೆಂಬ ನೀತಿಯನ್ನು ಕೇಂದ್ರ 2014ರಲ್ಲೇ ಒಪ್ಪಿದೆ. ಆದರೆ ಕರಡಿಗೆ ಮೊದಲು ಸಚಿವಾಲಯದ ಕೊಠಡಿಯಲ್ಲಿ ನಡೆದ ಮಾತುಕತೆಗೆ ಆ ನೀತಿ ಅನ್ವಯಿಸುವುದಿಲ್ಲ.

ಬಹಿರಂಗ ಒತ್ತಡ, ಗುಪ್ತ ಒತ್ತಡ

ಆಹಾರದ ವಿಷಯದಲ್ಲಿ ಒತ್ತಡ ಹೇರುವುದೆಲ್ಲ ತಪ್ಪೆಂದು ಹೇಳಲು ಬರುವುದಿಲ್ಲ. 2011ರಲ್ಲಿ ರಾಯಚೂರು ಜಿಲ್ಲೆಯ ಮಕ್ಕಳ ಅಪೌಷ್ಟಿಕತೆ ಮತ್ತು ಸಾವುಗಳ ವರದಿಗಳು ರಾಜ್ಯವನ್ನು ಬೆಚ್ಚಿಬೀಳಿಸಿದವು. ವಿಷಯ ಹೈಕೋರ್ಟ್ ಮೆಟ್ಟಿಲೇರಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ಸಮಿತಿ ರಚನೆಯಾಗಿ, 2012ರಲ್ಲಿ ಶಿಫಾರಸುಗಳು ಬಂದವು. ಅದು ಕೂಡ ಒತ್ತಡದ ಫಲವೇ. 2021ರ ಡಿಸೆಂಬರ್‌ನಲ್ಲಿ ರಾಯಚೂರು ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲ ಮಠಾಧೀಶರು, ಸಂಘಟನೆಗಳು ವಿರೋಧಿಸಿದವು. ಅವರ ವಾದ ಸರಿಯೋ ತಪ್ಪೋ, ಅದನ್ನು ಅವರು ಹೆಸರು ಹೇಳಿ, ವೇದಿಕೆಯ ಮೇಲೆ ನಿಂತು ಆಡಿದರು. ಪೌಷ್ಟಿಕ ತಜ್ಞರು ಮತ್ತು ವಿದ್ಯಾರ್ಥಿ ಸಂಘಟನೆಗಳು ಅಷ್ಟೇ ಬಹಿರಂಗವಾಗಿ ಉತ್ತರ ಕೊಟ್ಟವು. ಮೊಟ್ಟೆ ಉಳಿಯಿತು, 2022ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಣೆಯಾಯಿತು. ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿದ ರಾಜ್ಯದಲ್ಲಿ ಈ ವಾಗ್ವಾದ ಬೀದಿಯಲ್ಲಿ ನಡೆದದ್ದೇ ಒಳ್ಳೆಯದಾಯಿತು.

ಅಕ್ಕಿಯ ವಿಷಯದಲ್ಲಿ ಹಾಗಾಗಲಿಲ್ಲ. ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ಕೇಂದ್ರ 2023ರ ಜುಲೈ 20ರಂದು ನಿಷೇಧಿಸಿತು. 2024ರ ಸೆಪ್ಟೆಂಬರ್ 28ರಂದು ಟನ್ನಿಗೆ 490 ಡಾಲರ್ ಕನಿಷ್ಠ ಬೆಲೆ ವಿಧಿಸಿ ಹಿಂತೆಗೆದುಕೊಂಡಿತು. ಅಕ್ಟೋಬರ್ 23ರಂದು ಆ ಕನಿಷ್ಠ ಬೆಲೆಯನ್ನೂ ತೆಗೆಯಿತು. ನಗರದ ಗ್ರಾಹಕನಿಗೆ ಅಕ್ಕಿ ಅಗ್ಗವಾಗಿರಬೇಕು, ಮಾನ್ವಿಯ ರೈತನಿಗೆ ಭತ್ತಕ್ಕೆ ಬೆಲೆ ಬರಬೇಕು, ರಾಯಚೂರಿನ ಗಿರಣಿ ನಡೆಯಬೇಕು, ರಫ್ತುದಾರನ ಹಡಗು ಹೊರಡಬೇಕು. ಈ ನಾಲ್ವರ ಹಿತವೂ ಒಂದೇ ಅಲ್ಲ. ಯಾರ ಮಾತು ಯಾವ ವಾರ ಮೇಲುಗೈ ಪಡೆಯಿತೆಂಬುದು ಅಧಿಸೂಚನೆಯ ಸಾಲುಗಳಲ್ಲಿ ಕಾಣುವುದಿಲ್ಲ.

ಸದ್ಯಕ್ಕೆ ನಾಗರಿಕರ ಕೈಯಲ್ಲಿರುವ ಸಾಧನ 2005ರ ಮಾಹಿತಿ ಹಕ್ಕು ಕಾಯ್ದೆ. ಹತ್ತು ರೂಪಾಯಿ ಶುಲ್ಕದೊಂದಿಗೆ ನಿಗದಿತ ಅಂಚೆ ಕಚೇರಿಯ ಮೂಲಕವೂ ಕೇಂದ್ರದ ಸಚಿವಾಲಯಕ್ಕೆ ಅರ್ಜಿ ಸಲ್ಲಿಸಬಹುದು. 30 ದಿನಗಳಲ್ಲಿ ಉತ್ತರ ಬರಬೇಕು. ಸುಮ್ಮನೆ ಲಾಬಿಯ ವಿವರ ಕೇಳಿದರೆ ಅಂತಹ ಮಾಹಿತಿ ಇಲ್ಲವೆಂಬ ಒಂದೇ ಸಾಲು ಬರುತ್ತದೆ. ನಿರ್ದಿಷ್ಟ ಅಧಿಸೂಚನೆ ಅಥವಾ ಕರಡಿನ ಸಂಖ್ಯೆ ಕೊಟ್ಟು, ಅದರ ಕಡತದಲ್ಲಿರುವ ಪತ್ರ, ಟಿಪ್ಪಣಿ ಮತ್ತು ಸಭಾ ನಡಾವಳಿಗಳ ನಕಲು ಕೇಳಿದರೆ ಫಲ ಸಿಗುವ ಸಾಧ್ಯತೆ ಹೆಚ್ಚು. ಅಲ್ಲಿಯೂ ವಾಣಿಜ್ಯ ಗೋಪ್ಯತೆಯ ಕಾರಣ ನೀಡಿ ಕಲಂ 8(1)(ಡಿ) ಅಡಿ ನಿರಾಕರಿಸಲು ಅವಕಾಶವಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಕಲಂ 8(1)(ಜೆ)ಗೆ ತಂದ ತಿದ್ದುಪಡಿಯಿಂದಾಗಿ, ಸಚಿವರನ್ನು ಕಂಡವರ ಹೆಸರು ಕೇಳಿದಾಗ ಅದು ವೈಯಕ್ತಿಕ ಮಾಹಿತಿ ಎಂಬ ಉತ್ತರಕ್ಕೂ ದಾರಿಯಾಗಿದೆ. ನಿರಾಕರಣೆಯ ವಿರುದ್ಧ 30 ದಿನಗಳೊಳಗೆ ಅದೇ ಸಚಿವಾಲಯದ ಮೇಲ್ಮನವಿ ಅಧಿಕಾರಿಗೂ, ಅಲ್ಲಿಯೂ ಪರಿಹಾರ ಸಿಗದಿದ್ದರೆ 90 ದಿನಗಳೊಳಗೆ ಕೇಂದ್ರ ಮಾಹಿತಿ ಆಯೋಗಕ್ಕೂ ಮನವಿ ಸಲ್ಲಿಸಬಹುದು.